ತೊಟ್ಟಿಲ ಹೆಸರು, ಪ್ರಶಸ್ತಿಯ ಹೆಸರು

ಶಿವಮೊಗ್ಗೆಯಿಂದ ನರಸಿಂಹರಾಜಪುರಕ್ಕೆ ಸಾಗುವ ಮಾರ್ಗದಲ್ಲಿ ಮುತ್ತಿನಕೊಪ್ಪವೆಂಬ ಗ್ರಾಮವಿದೆ. ಕೊಪ್ಪವೆಂದರೆ ಮಲೆನಾಡಿನ ಮಾತಿನಲ್ಲಿ ಚಿಕ್ಕ ಹಳ್ಳಿ. ಆ ಚಿಕ್ಕ ಹಳ್ಳಿಗೆ ಮುತ್ತು ಪೂರ್ವಪದವಾಗಿ ನಿಂತಿದೆ. ಅದೇ ತಾಲ್ಲೂಕಿನ ಸಿಂಹನಗದ್ದೆ ಜ್ವಾಲಾಮಾಲಿನೀ ದೇವಿಯ ಬಸದಿಯಿಂದಲೂ ಲಕ್ಷ್ಮೀಸೇನ ಭಟ್ಟಾರಕ ಪೀಠದಿಂದಲೂ ಜೈನರಿಗೆ ಪರಿಚಿತವಾದ ಕ್ಷೇತ್ರ. ಅಲ್ಲಿ ಬತ್ತ ಬೆಳೆಯುವ ಗದ್ದೆಗೆ ಸಿಂಹ ಜೊತೆಯಾಗಿದೆ. ತಾಲ್ಲೂಕಿನ ಕೇಂದ್ರವಾದರೋ ಮೊದಲು ಎಡೆಹಳ್ಳಿ ಎನಿಸಿದ್ದು, 20ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದು ನರಸಿಂಹರಾಜಪುರವಾಯಿತು. ಹಳ್ಳಿ ಹೋಗಿ ಪುರ ಬಂದಿತು, ಎಡೆ ಹೋಗಿ ರಾಜ ಬಂದನು. ಊರುಗಳು ಹೀಗೆ ಮೇಲಿನ ಹೆಸರನ್ನು ಬಯಸುವಲ್ಲಿ ಮನುಷ್ಯರು ತಮ್ಮ ಕೂಸುಗಳಿಗೆ ಅದನ್ನು ಬಯಸುವುದರಲ್ಲಿ ಆಶ್ಚರ್ಯವಿಲ್ಲ.

ಈಚಿನ ಕೆಲವು ದಶಕಗಳಲ್ಲಿ ಕರ್ನಾಟಕದ ಜೈನ ಮನೆತನಗಳಲ್ಲಿಯೂ ಇತರರಲ್ಲಿಯೂ ಮಗುವಿಗೆ ಪ್ರಾಚೀನವೂ ಗಂಭೀರವೂ ಆದ, ರಾಜವಂಶದ ಧ್ವನಿಯುಳ್ಳ ಹೆಸರನ್ನು ಹುಡುಕುವ ಪ್ರವೃತ್ತಿ ಬೆಳೆದಿದೆ. ಅಮೋಘ, ನೃಪತುಂಗ, ವಿಕ್ರಮ, ಶಾಂತಲಾ ಮೊದಲಾದುವು ಇಂತಹ ಹುಡುಕಾಟದಲ್ಲಿ ದೊರೆಯುವ ಹೆಸರುಗಳು. ಇವನ್ನು ಆರಿಸುವವರು ಪೂರ್ವಿಕರ ಸಂಪ್ರದಾಯವನ್ನು ಅನುಸರಿಸುತ್ತಿರುವೆವೆಂದು ಭಾವಿಸುತ್ತಾರೆ. ಆದರೆ ಶಾಸನಗಳನ್ನೂ ಓಲೆಗರಿಗಳ ಪ್ರಶಸ್ತಿಗಳನ್ನೂ ಸಾವಧಾನವಾಗಿ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಇಂದು ಉನ್ನತವೆಂದು ತೋರುವ ಹೆಸರುಗಳಲ್ಲಿ ಬಹುಪಾಲು ಆ ಕಾಲದಲ್ಲಿ ತೊಟ್ಟಿಲಲ್ಲಿಟ್ಟ ಹೆಸರುಗಳಲ್ಲ. ಪಟ್ಟವೇರಿದಾಗ, ಯುದ್ಧ ಗೆದ್ದಾಗ, ದೀಕ್ಷೆ ಪಡೆದಾಗ, ಇಲ್ಲವೇ ಕವಿ ವರ್ಣಿಸಿದಾಗ ಬಂದ ಹೆಸರುಗಳು. ತೊಟ್ಟಿಲ ಹೆಸರು ಬೇರೆಯೇ ಇತ್ತು. ಅದು ಸಾಮಾನ್ಯವಾಗಿ ಕನ್ನಡದ ಮನೆಮಾತಿನದಾಗಿತ್ತು. ಅದನ್ನು ಕಲ್ಲಿನ ಮೇಲೆ ಕೆತ್ತಿಸಲು ದಂಡನಾಯಕರಾಗಲಿ ಅರಸರಾಗಲಿ ಸಂಕೋಚಪಡಲಿಲ್ಲ.

ಮೊದಲಿಗೆ ಶಾಸ್ತ್ರದ ಮಾತು. ಮಗುವಿಗೆ ಹೆಸರಿಡುವ ವಿಧಿಯನ್ನು ದಿಗಂಬರ ಸಂಪ್ರದಾಯದಲ್ಲಿ ಸ್ಪಷ್ಟವಾಗಿ ನಿರೂಪಿಸಿದವರು ಆಚಾರ್ಯ ಜಿನಸೇನರು. ರಾಷ್ಟ್ರಕೂಟ ಅಮೋಘವರ್ಷನ ಕಾಲದವರಾದ ಇವರು ಕ್ರಿ.ಶ. 837ರಲ್ಲಿ ಜಯಧವಲಾ ಟೀಕೆಯನ್ನು ಪೂರ್ಣಗೊಳಿಸಿ, ಬಳಿಕ ಸಂಸ್ಕೃತ ಆದಿಪುರಾಣವನ್ನು ಕೈಗೊಂಡರು. ಅದು ಮುಗಿಯುವ ಮುನ್ನ ಅವರು ಸ್ವರ್ಗಸ್ಥರಾಗಲು ಶಿಷ್ಯ ಗುಣಭದ್ರರು ಮಹಾಪುರಾಣವನ್ನು ಪೂರೈಸಿದರು. ಆದಿಪುರಾಣದ 38ನೆಯ ಪರ್ವದಲ್ಲಿ ಗರ್ಭಾನ್ವಯ ಕ್ರಿಯೆಗಳು 53 ಎಂದು ಎಣಿಸಿದೆ. ಅವುಗಳಲ್ಲಿ ಆರನೆಯದು ಪ್ರಿಯೋದ್ಭವ, ಅಂದರೆ ಜನನದ ಸಂಸ್ಕಾರ, ಏಳನೆಯದು ನಾಮಕರ್ಮ. ಮಗು ಹುಟ್ಟಿ ಹನ್ನೆರಡು ದಿನ ಕಳೆದ ಮೇಲೆ ತಾಯಿತಂದೆಗಳಿಗೂ ಮಗುವಿಗೂ ಅನುಕೂಲವಾದ ದಿನದಲ್ಲಿ ಇದನ್ನು ನಡೆಸಬೇಕು. ವಂಶವನ್ನು ವೃದ್ಧಿಪಡಿಸುವ ಯಾವುದಾದರೂ ಶ್ರೇಷ್ಠವಾದ ಹೆಸರನ್ನಿಡಬಹುದು. ಅಥವಾ ಜಿನೇಂದ್ರನ 1008 ನಾಮಗಳಲ್ಲಿ ಒಂದನ್ನು 'ಘಟಪತ್ರ'ವಿಧಾನದಿಂದ ಸ್ವೀಕರಿಸಬಹುದು. ಆ 1008 ನಾಮಗಳು ಅದೇ ಗ್ರಂಥದ 25ನೆಯ ಪರ್ವದಲ್ಲಿ ಇಂದ್ರನು ಮಾಡುವ ಸ್ತುತಿಯಲ್ಲಿವೆ.

ಘಟಪತ್ರವೆಂದರೇನು? ಆಧುನಿಕ ವ್ಯಾಖ್ಯಾನಗಳು ಅದನ್ನು ಹೀಗೆ ವಿವರಿಸುತ್ತವೆ. ಸಾವಿರದೆಂಟು ಹೆಸರುಗಳನ್ನು ಅಷ್ಟಗಂಧದಿಂದ ಬೇರೆಬೇರೆ ಚೀಟಿಗಳಲ್ಲಿ ಬರೆದು ಉಂಡೆ ಮಾಡಿ ಒಂದು ಕೊಡದಲ್ಲಿ ತುಂಬಬೇಕು. ಇನ್ನೊಂದು ಕೊಡದಲ್ಲಿ 1007 ಖಾಲಿ ಚೀಟಿಗಳನ್ನೂ 'ನಾಮ' ಎಂದು ಬರೆದ ಒಂದು ಚೀಟಿಯನ್ನೂ ಹಾಕಬೇಕು. ಅರಿಯದ ಮಗುವೊಂದರ ಕೈಯಿಂದ ಎರಡೂ ಕೊಡಗಳಿಂದ ಒಂದೊಂದು ಚೀಟಿಯನ್ನು ತೆಗೆಸುತ್ತ ಹೋಗಬೇಕು. 'ನಾಮ' ಎಂಬ ಚೀಟಿಯೊಡನೆ ಯಾವ ಹೆಸರು ಹೊರಬರುವುದೋ ಅದೇ ಕೂಸಿನ ಹೆಸರು. ಈ ವಿವರಣೆಯಲ್ಲಿ ಕಾಗದದ ಪ್ರಸ್ತಾಪವಿರುವುದರಿಂದ ಇದು ತಾಳೆಗರಿಯ ಕಾಲದ ನಂತರ ಬೆಳೆದ ವಿಸ್ತರಣವೆಂದು ಹೇಳಬೇಕಾಗುತ್ತದೆ. ಜಿನಸೇನರ ಶ್ಲೋಕದಲ್ಲಿ ಇಷ್ಟೆಲ್ಲ ಇಲ್ಲ. ಆದರೂ ವಿಧಿಯ ತಿರುಳು ಒಂದೇ. ಹೆಸರನ್ನು ತಾಯಿತಂದೆಗಳು ಆರಿಸುವುದಿಲ್ಲ. ಸಿರಿವಂತನ ಮಗುವಿಗೆ ಘನವಾದುದು, ಬಡವನ ಮಗುವಿಗೆ ಸಾಧಾರಣವಾದುದು ಎಂಬ ಎಣಿಕೆ ಕೊಡದೊಳಗೆ ನಡೆಯುವಂತಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಬ್ರಾಹ್ಮಣನ ಹೆಸರು ಮಂಗಳವನ್ನೂ ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಬೇಕು, ಶೂದ್ರನದು ಜುಗುಪ್ಸಿತವಾಗಿರಬೇಕು ಎಂದು ಕಟ್ಟಳೆ ಮಾಡುತ್ತದೆ. ಜಿನಸೇನರ ಕ್ರಿಯೆಗಳು ದ್ವಿಜರನ್ನು ಉದ್ದೇಶಿಸಿದುವೆಂಬುದು ನಿಜವಾದರೂ ಅವರ ನಾಮಕರ್ಮದಲ್ಲಿ ಇಂತಹ ಮೆಟ್ಟಿಲುಗಳಿಲ್ಲ.

ವಿಚಿತ್ರವೆಂದರೆ, ಈ ವಿಧಿ ರಚಿತವಾದ ಕಾಲದ ಚಕ್ರವರ್ತಿಯೇ ಹುಟ್ಟುಹೆಸರಿನಿಂದ ಪ್ರಸಿದ್ಧನಲ್ಲ. ಅಮೋಘವರ್ಷನ ನಿಜನಾಮ ಶರ್ವ. ಅಮೋಘವರ್ಷ, ನೃಪತುಂಗ ಎಂಬುವು ಅವನ ಬಿರುದುಗಳು. 'ವರ್ಷ' ಎಂಬ ಅಂತ್ಯ ರಾಷ್ಟ್ರಕೂಟರ ಪಟ್ಟದ ಗುರುತು. ಈಗ ಮಗುವಿಗೆ ಅಮೋಘವೆಂದು ಹೆಸರಿಡುವವರು ಪಟ್ಟದ ಬಿರುದೊಂದರ ಅರ್ಧವನ್ನು ತೊಟ್ಟಿಲಿಗೆ ತಂದಿದ್ದಾರೆ.

ಮಲೆನಾಡಿನ ಸಾಕ್ಷ್ಯ ಇನ್ನೂ ಸ್ವಾರಸ್ಯವಾಗಿದೆ. ಹೊಂಬುಜದ ಸಾಂತರರ ಮನೆತನದಲ್ಲಿ 11ನೆಯ ಶತಮಾನದ ಉತ್ತರಾರ್ಧದಲ್ಲಿ ಬಿಜ್ಜಲದೇವಿಯ ನಾಲ್ವರು ಗಂಡುಮಕ್ಕಳನ್ನು ಅವಳ ಸೋದರಿ ಚಟ್ಟಲದೇವಿ ತನ್ನ ಮಕ್ಕಳಂತೆ ಸಾಕಿದಳು. 1077ರಲ್ಲಿ ಹೊಂಬುಜದ ಪಂಚಕೂಟ ಬಸದಿಯನ್ನು ಕಟ್ಟಿಸಿದವಳೂ ಅವಳೇ. ಆ ನಾಲ್ವರ ಹೆಸರುಗಳು ತೈಲ, ಗೊಗ್ಗಿಗ, ಒಡ್ಡಿಗ, ಬರ್ಮ. ಇವುಗಳಲ್ಲಿ ಒಂದಾದರೂ ಇಂದಿನ ಕಿವಿಗೆ ರಾಜಕುಮಾರನ ಹೆಸರೆಂದು ಕೇಳಿಸುವುದಿಲ್ಲ. ಅವರೇ ಮುಂದೆ ಆಳತೊಡಗಿದಾಗ ತೈಲನು ಭುಜಬಲ ಸಾಂತರನಾದನು, ಗೊಗ್ಗಿಗನು ನನ್ನಿ ಸಾಂತರನಾದನು, ಒಡ್ಡಿಗನು ವಿಕ್ರಮ ಸಾಂತರನಾದನು. ಭುಜದ ಬಲ, ಸತ್ಯನಿಷ್ಠೆ, ವಿಕ್ರಮ ಇವು ಪಡೆದುಕೊಳ್ಳತಕ್ಕ ಗುಣಗಳು. ಹನ್ನೆರಡು ದಿನದ ಕೂಸಿನಲ್ಲಿ ಇವನ್ನು ಕಾಣಲು ಯಾರೂ ಹೊರಡಲಿಲ್ಲ. ಮನೆಯಲ್ಲಿ ಸಾಕಿದ ಚಟ್ಟಲದೇವಿಗೆ ಒಡ್ಡಿಗನು ಒಡ್ಡಿಗನೇ ಆಗಿದ್ದನು, ಶಾಸನಕವಿಯೂ ಆ ಹೆಸರನ್ನು ಮರೆಮಾಡಲಿಲ್ಲ.

ಹೊಯ್ಸಳರ ಕಾಲದ ಶ್ರವಣಬೆಳಗೊಳದ ಶಾಸನಗಳಲ್ಲಿಯೂ ಇದೇ ರೀತಿ. ವಿಷ್ಣುವರ್ಧನನ ಮಹಾಪ್ರಧಾನ ದಂಡನಾಯಕ ಗಂಗರಾಜನ ತಂದೆ ಏಚ, ತಾಯಿ ಪೋಚಿಕಬ್ಬೆ, ಅಜ್ಜ ಮಾರ, ಅಜ್ಜಿ ಮಾಕಣಬ್ಬೆ. ಅಣ್ಣ ಬಮ್ಮ, ಬಮ್ಮನ ಮಗ ಮತ್ತೆ ಏಚ, ಅಂದರೆ ಮೊಮ್ಮಗನಿಗೆ ಅಜ್ಜನ ಹೆಸರು. ಗಂಗರಾಜನ ಮಗ ಬೊಪ್ಪ. ಸೈನ್ಯ ನಡೆಸಿದ, ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ, ದತ್ತಿ ಬಿಟ್ಟ ಈ ಕುಟುಂಬದ ಹೆಸರುಗಳೆಲ್ಲವೂ ಎರಡರಿಂದ ನಾಲ್ಕು ಅಕ್ಷರದವು. ಗಂಗರಾಜನ ಮಡದಿಯನ್ನು ಶಾಸನಗಳು ಲಕ್ಷ್ಮಿ ಎಂದೂ ಲಕ್ಕಲೆ ಎಂದೂ ಕರೆಯುತ್ತವೆ. ಸಂಸ್ಕೃತದ ರೂಪವೂ ಕನ್ನಡದ ರೂಪವೂ ಒಬ್ಬಳನ್ನೇ ಸೂಚಿಸುತ್ತಿದ್ದುವು. ಒಂದು ಮೇಲು, ಇನ್ನೊಂದು ಕೀಳು ಎಂಬ ಭಾವನೆ ಬರೆದವನಲ್ಲಿ ಕಾಣದು. ಪಟ್ಟಮಹಿಷಿ ಶಾಂತಲದೇವಿಯ ತಾಯಿ ಮಾಚಿಕಬ್ಬೆ, ತಂದೆ ಮಾರಸಿಂಗಯ್ಯ. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಶಾಂತಲೆಯ ಹೆಸರನ್ನು ಇಂದು ಎಷ್ಟೋ ಹೆಣ್ಣುಮಕ್ಕಳು ಹೊತ್ತಿದ್ದಾರೆ. ಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ತ್ಯಜಿಸಿದ ಮಾಚಿಕಬ್ಬೆಯ ಹೆಸರನ್ನು ಇಡುವವರಿಲ್ಲ.

ಶಾಂತಲೆಯ ಪತಿಯ ಹೆಸರಿನ ಬಗೆಗೆ ಒಂದು ಮಾತು ಅವಶ್ಯ. ಬಿಟ್ಟಿದೇವನು ಮತ ಬದಲಿಸಿದಾಗ ಜೈನ ಹೆಸರನ್ನು ಬಿಟ್ಟು ವಿಷ್ಣುವರ್ಧನನೆಂಬ ವೈಷ್ಣವ ಹೆಸರನ್ನು ತಾಳಿದನೆಂಬುದು ಪ್ರಚುರವಾದ ಕಥೆ. ಬಿಟ್ಟಿ ಎಂಬುದು ವಿಷ್ಣು ಶಬ್ದದ ತದ್ಭವವೇ ಆಗಿರುವುದರಿಂದ ಈ ಕಥೆಯ ಆಧಾರವೇ ಸಡಿಲವಾಗುತ್ತದೆ. ಒಂದೇ ಹೆಸರಿನ ಮನೆಯ ರೂಪ ಒಂದು, ಸಭೆಯ ರೂಪ ಇನ್ನೊಂದು. ಬ್ರಹ್ಮ ಬಮ್ಮನಾದಂತೆ, ಯಕ್ಷಿ ಜಕ್ಕಿಯಾದಂತೆ, ಕೃಷ್ಣ ಕನ್ನರನಾದಂತೆ, ವಿಷ್ಣು ಬಿಟ್ಟಿಯಾದನು. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಜೈನ ವೈಯಾಕರಣ ಕೇಶಿರಾಜನು ಸಂಸ್ಕೃತ ಶಬ್ದಗಳು ಕನ್ನಡದಲ್ಲಿ ತದ್ಭವವಾಗುವ ಕ್ರಮವನ್ನು ಒಂದು ಪ್ರಕರಣವಾಗಿಯೇ ನಿರೂಪಿಸಿದ್ದಾನೆ. ಅವನ ಹೆಸರಿನ ಮೊದಲ ಭಾಗವೂ ಕೇಶವನ ಮನೆಮಾತಿನ ರೂಪ. ಅವನಿಗೆ ಅದು ಅಪಭ್ರಷ್ಟವೆಂಬ ನಾಚಿಕೆಯ ವಿಷಯವಾಗಿರಲಿಲ್ಲ, ಭಾಷೆಯ ನಿಯಮವಾಗಿತ್ತು. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ ಎಪ್ಪತ್ತನ್ನು ಗಂಡನ ಮರಣಾನಂತರ ಆಳಿ, ಬಂದಣಿಕೆಯ ಬಸದಿಯಲ್ಲಿ ಸಮಾಧಿಯನ್ನು ಹೊಂದಿದ ನಾಳ್ಗಾವುಂಡಿಯ ಹೆಸರು ಜಕ್ಕಿಯಬ್ಬೆ; ಗಂಡನ ಹೆಸರಾದರೋ ನಾಗಾರ್ಜುನ. ಒಂದೇ ಮನೆಯಲ್ಲಿ ಎರಡೂ ಬಗೆಯ ಹೆಸರುಗಳು ಜಗಳವಿಲ್ಲದೆ ಇದ್ದುವು.

ಪ್ರಶಸ್ತಿಯ ಹೆಸರೂ ತೊಟ್ಟಿಲ ಹೆಸರೂ ಬೇರೆಬೇರೆಯಾದಾಗ ಸಾಹಿತ್ಯಚರಿತ್ರೆಗೆ ಎಂತಹ ತೊಡಕು ಬರುತ್ತದೆಂಬುದಕ್ಕೆ ಮಹಾಕವಿ ಪಂಪನ ವಂಶವೇ ಉತ್ತಮ ನಿದರ್ಶನ. ವಿಕ್ರಮಾರ್ಜುನವಿಜಯದ ಓಲೆಪ್ರತಿಗಳ ಆಧಾರದಿಂದ ತಿಳಿಯುವ ವಂಶಾವಳಿ ಮಾಧವ ಸೋಮಯಾಜಿಯಿಂದ ಆರಂಭವಾಗುತ್ತದೆ. ಅನಂತರ ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ. ಈ ಅಭಿರಾಮದೇವರಾಯನೇ ಪಂಪನ ತಂದೆ, ವೈದಿಕ ಕುಲದಲ್ಲಿ ಹುಟ್ಟಿ ಜಿನಧರ್ಮವನ್ನು ಸ್ವೀಕರಿಸಿದವನು. ಬಹುಕಾಲ ವಿದ್ವಾಂಸರಿಗೆ ತಿಳಿದಿದ್ದ ಹೆಸರು ಇದೊಂದೇ. ಆದರೆ ಇಂದಿನ ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿ ಕೆತ್ತಿಸಿದ ಶಾಸನ ಬೆಳಕಿಗೆ ಬಂದ ಮೇಲೆ ಚಿತ್ರ ಪೂರ್ಣವಾಯಿತು. ಅಲ್ಲಿ ತಂದೆ ಭೀಮಪಯ್ಯ. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅಣ್ಣನ ಕಾವ್ಯದಲ್ಲಿ ಅಭಿರಾಮದೇವರಾಯ, ತಮ್ಮನ ಕಲ್ಲಿನಲ್ಲಿ ಭೀಮಪಯ್ಯ.

ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಅರಿಕೇಸರಿಯ ಆಸ್ಥಾನದಲ್ಲಿ ಓದತಕ್ಕ ಚಂಪುವಿನಲ್ಲಿ ವಂಶವರ್ಣನೆಗೆ ಒಪ್ಪುವ ಹೆಸರು ಬೇಕಾಗಿತ್ತು. ಬೆಟ್ಟದ ಮೇಲೆ ಜಿನಬಿಂಬಗಳನ್ನು ಕಡೆಯಿಸಿದ ಮಗನಿಗೆ ತಂದೆಯನ್ನು ಊರವರು ಯಾವ ಹೆಸರಿನಿಂದ ಬಲ್ಲರೋ ಅದು ಸಾಕಾಗಿತ್ತು. ಕನ್ನಡದ ಆದಿಕವಿಯ ತಾಯಿಯ ಹೆಸರು ಈ ಕಲ್ಲಿನಿಂದ ದೊರೆಯಿತು. ತಮ್ಮನೂ ಅಣ್ಣನಂತೆ ಪ್ರಶಸ್ತಿಯ ಮಾರ್ಗವನ್ನು ಹಿಡಿದಿದ್ದರೆ ಅಬ್ಬಣಬ್ಬೆ ದೊರೆಯುತ್ತಿರಲಿಲ್ಲ, ಅವಳೊಡನೆ ಅಣ್ಣಿಗೇರಿಯ ಸಂಬಂಧವೂ ಕಾಣೆಯಾಗುತ್ತಿತ್ತು.

ಇನ್ನು ಹೆಸರನ್ನು ಉದ್ದೇಶಪೂರ್ವಕವಾಗಿ ಮೇಲಿನಿಂದ ಆರಿಸಿದ ಸ್ಪಷ್ಟ ನಿದರ್ಶನವೊಂದು ರನ್ನನ ಜೀವನದಲ್ಲಿ ದೊರೆಯುತ್ತದೆ. ರನ್ನನು ಮುದುವೊಳಲಿನ, ಅಂದರೆ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದ, ಬಳೆಗಾರರ ಕುಲದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಪಂಪನ ತಮ್ಮನ ಹೆಸರೂ ರನ್ನನ ತಂದೆಯ ಹೆಸರೂ ಒಂದೇ ಆಗಿರುವುದು ಆಕಸ್ಮಿಕವಾದರೂ, ಹತ್ತನೆಯ ಶತಮಾನದಲ್ಲಿ ಶ್ರಾವಕರು ಮಕ್ಕಳಿಗೆ ಮತವನ್ನು ಸಾರುವ ಹೆಸರನ್ನಿಡುತ್ತಿದ್ದರೆಂಬುದಕ್ಕೆ ಸಾಕ್ಷಿ. ರನ್ನನ ಅಣ್ಣಂದಿರು ದೃಢಬಾಹು, ರೇಚಣ, ಮಾರಯ್ಯ. ಒಬ್ಬನಿಗೆ ಪುರಾಣದ ವೀರನಿಗೊಪ್ಪುವ ಹೆಸರು, ಉಳಿದಿಬ್ಬರಿಗೆ ಬೀದಿಯಲ್ಲಿ ಕೂಗುವ ಹೆಸರು.

ಬಳೆಗಾರರ ಹುಡುಗನು ವಿದ್ಯೆಯನ್ನರಸಿ ಗಂಗನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನು, ಚಾವುಂಡರಾಯನ ಆಶ್ರಯವನ್ನು ಪಡೆದನು. ಮರಳಿ ಬಂದ ಮೇಲೆ ಚಾಳುಕ್ಯರ ರಾಜ್ಯದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಅವನಿಗೆ ಪೋಷಕಳಾದಳು. 993ರ ಅಜಿತಪುರಾಣ ಅವಳ ಪ್ರೇರಣೆಯಿಂದಾದುದು. ಜಕ್ಕಿ, ಶಾಂತಿ ಎಂಬ ಇಬ್ಬರು ಮಡದಿಯರಿದ್ದ ಈ ಕವಿ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಎರಡೂ ಆಶ್ರಯದಾತರ ಹೆಸರುಗಳು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಗಂಡುಮಗುವಿಗೆ ಬಂದದ್ದು ಚಾವುಂಡನೆಂಬ ನಿಜನಾಮವಲ್ಲ, 'ರಾಯ' ಎಂಬ ಪದವಿಯ ಭಾಗ. ಬಳೆ ಮಾರುವ ಕುಲದ ಕೂಸೊಂದು ಹುಟ್ಟಿದ ಹನ್ನೆರಡನೆಯ ದಿನಕ್ಕೇ ರಾಯನಾಯಿತು. ಹೆಣ್ಣುಮಗುವಿನ ವಿಷಯದಲ್ಲಿ ಮಾತು ಬೇರೆ. ಅತ್ತಿಮಬ್ಬೆ ಎಂಬುದು ಯಾವ ದೃಷ್ಟಿಯಿಂದಲೂ ಆಡಂಬರದ ಹೆಸರಲ್ಲ. ಅವಳ ತಂಗಿ ಗುಂಡಮಬ್ಬೆ, ತಂದೆ ಮಲ್ಲಪ, ಚಿಕ್ಕಪ್ಪ ಪೊನ್ನಮಯ್ಯ, ಮಗ ಅಣ್ಣಿಗದೇವ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, 1007ರ ಲಕ್ಕುಂಡಿಯ ಶಾಸನದಲ್ಲಿ ಕೀರ್ತಿತಳಾದ ಈ ಮಹಿಳೆಯಿಂದಾಗಿ ಆ ಸಾದಾ ಹೆಸರಿಗೇ ಘನತೆ ಬಂದಿತು. ರನ್ನನು ಮಗಳಿಗೆ ದಾನಚಿಂತಾಮಣಿಯೆಂದು ಹೆಸರಿಡಬಹುದಾಗಿತ್ತು. ಇಡಲಿಲ್ಲ.

ಇದನ್ನು ಬರಿಯ ಆಶ್ರಿತನ ಮುಖಸ್ತುತಿಯೆಂದು ತಳ್ಳಿಹಾಕುವುದು ಸರಿಯಲ್ಲ. ಕುಲದಿಂದ ಬಾರದ ಗೌರವವನ್ನು ವಿದ್ಯೆಯಿಂದ ಗಳಿಸಿದವನು ಅದರ ಗುರುತನ್ನು ಮಕ್ಕಳ ಮೇಲೆ ಬರೆದನು. ಹೆಸರಿಡುವವರ ಮನಸ್ಸಿನಲ್ಲಿ ಇಂದೂ ಕೆಲಸ ಮಾಡುವುದು ಬಹುತೇಕ ಇದೇ ಆಸೆ. ವ್ಯತ್ಯಾಸವೆಂದರೆ ರನ್ನನಿಗೆ ಆ ಇಬ್ಬರೂ ಕಣ್ಣೆದುರಿಗಿದ್ದರು, ಅವರ ಅನ್ನವನ್ನು ಅವನು ಉಂಡಿದ್ದನು.

ಚಾವುಂಡರಾಯನ ಹೆಸರಿನ ಚರಿತ್ರೆ ಇದಕ್ಕಿಂತಲೂ ಕುತೂಹಲಕರವಾದುದು. 978ರಲ್ಲಿ ತನ್ನ ಪುರಾಣವನ್ನು ಬರೆದ, ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೃಹನ್ಮೂರ್ತಿಯನ್ನು ನಿರ್ಮಿಸಿದ ಈ ಗಂಗಮಂತ್ರಿಯ ಹೆಸರು ಮೂರ್ತಿಯ ಪಾದದ ಬಳಿಯ ಲಿಪಿಯಲ್ಲಿ ಚಾವುಂಡರಾಜ ಎಂದಿದೆ. ಅವನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತಮ್ಮ ಪ್ರಾಕೃತ ಗ್ರಂಥದಲ್ಲಿ ಅವನನ್ನು ಗೊಮ್ಮಟನೆಂದು ಕರೆದರು. ಗ್ರಂಥಕ್ಕೂ ಗೊಮ್ಮಟಸಾರವೆಂಬ ಹೆಸರಾಯಿತು. ಗೊಮ್ಮಟವೆಂಬುದು ಚಾವುಂಡರಾಯನ ಮನೆಯ ಹೆಸರು, ಸುಂದರನೆಂದು ಅದರ ಅರ್ಥ, ಅವನ ಆರಾಧ್ಯನಾದುದರಿಂದ ಬಾಹುಬಲಿ ಗೊಮ್ಮಟೇಶ್ವರನಾದನು ಎಂದು ಡಾ. ಆ. ನೇ. ಉಪಾಧ್ಯೆಯವರು ವಾದಿಸಿದರು. ಮಂಜೇಶ್ವರದ ಗೋವಿಂದ ಪೈಯವರು ಅದನ್ನು ಮನ್ಮಥ ಶಬ್ದದಿಂದ ಸಾಧಿಸಿದರು. ಬಾಹುಬಲಿ ಕಾಮದೇವನೆಂಬ ಸಂಪ್ರದಾಯ ಅವರ ಮತಕ್ಕೆ ಅನುಕೂಲ. ಗೊಮ್ಮಟಸಾರದ ಪ್ರಯೋಗಗಳನ್ನು ಗಮನಿಸಿದರೆ ಉಪಾಧ್ಯೆಯವರ ಪಕ್ಷವೇ ಬಲವಾದುದೆಂದು ತೋರುತ್ತದೆ. ಹಾಗಾದರೆ ಜಿನಸೇನರ ವಿಧಿ ಇಲ್ಲಿ ತಲೆಕೆಳಗಾಯಿತು. ದೇವರ ಸಾವಿರದೆಂಟು ನಾಮಗಳಿಂದ ಒಂದು ಮಗುವಿಗೆ ಬರುವುದಕ್ಕೆ ಬದಲಾಗಿ, ತಾಯಿ ಕರೆದ ಮುದ್ದಿನ ಹೆಸರು ಐವತ್ತೇಳು ಅಡಿಯ ದೇವರಿಗೆ ಹೋಯಿತು.

ವಿಜಯನಗರದ ಕಾಲಕ್ಕೆ ಬಂದರೆ ಮೇಲುಹೆಸರಿನ ಮೂಲಗಳು ಬದಲಾಗುತ್ತವೆ. ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಆಳಿದ ಭೈರರಸ ಒಡೆಯರು ಅಳಿಯಸಂತಾನದವರು. ಪಟ್ಟ ಸೋದರಮಾವನಿಂದ ಅಳಿಯನಿಗೆ. ಅದರೊಡನೆ ಹೆಸರೂ ಹೋಗುತ್ತಿತ್ತು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದವನು ವೀರಪಾಂಡ್ಯ. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದವನು ಇಮ್ಮಡಿ ಭೈರವ. ಇಮ್ಮಡಿ ಎಂದರೆ ಎರಡನೆಯವನು, ಮಾವನ ಹೆಸರನ್ನು ಹೊತ್ತ ಅಳಿಯ. ಭೈರವ, ಪಾಂಡ್ಯ ಎಂಬ ಎರಡು ಹೆಸರುಗಳು ಈ ವಂಶದಲ್ಲಿ ಮತ್ತೆ ಮತ್ತೆ ಮರುಕಳಿಸುವುದರಿಂದ ಯಾವ ಶಾಸನ ಯಾರದೆಂದು ಬಿಡಿಸುವುದು ಕಷ್ಟಸಾಧ್ಯ. ಮೂಡುಬಿದಿರೆಯ ಚೌಟರಲ್ಲಿ ತಿರುಮಲರಾಯನೆಂಬ ಹೆಸರು ಬರುತ್ತದೆ. ವೇಣೂರಿನಲ್ಲಿ 1604ರಲ್ಲಿ ಬಾಹುಬಲಿಯನ್ನು ಸ್ಥಾಪಿಸಿದ ಅಜಿಲ ಅರಸು ತಿಮ್ಮರಾಜ. ತಿಮ್ಮನು ತಿರುಮಲನ ಕನ್ನಡ ರೂಪ. ನಿಷ್ಠಾವಂತ ಜೈನ ಅರಸರು ತಿರುಪತಿಯ ದೇವರ ಹೆಸರನ್ನು ಹೊತ್ತದ್ದು ಮತಾಂತರದಿಂದಲ್ಲ. ವಿಜಯನಗರದ ಸಿಂಹಾಸನದಲ್ಲಿದ್ದವರ ಹೆಸರುಗಳು ಆ ಕಾಲದ ಮರ್ಯಾದೆಯ ಹೆಸರುಗಳಾಗಿದ್ದುವು. ಮೇಲುಹೆಸರು ಯಾವಾಗಲೂ ಆಯಾ ಕಾಲದ ಮೇಲಿನವರದು.

ಮಠಗಳಲ್ಲಿ ಹೆಸರು ಪೂರ್ಣವಾಗಿ ಪೀಠದ್ದೇ ಆಗಿಬಿಟ್ಟಿತು. ಶ್ರವಣಬೆಳಗೊಳ ಮತ್ತು ಮೂಡುಬಿದಿರೆಗಳಲ್ಲಿ ಚಾರುಕೀರ್ತಿ, ಕಾರ್ಕಳದಲ್ಲಿ ಲಲಿತಕೀರ್ತಿ, ಹೊಂಬುಜದಲ್ಲಿ ದೇವೇಂದ್ರಕೀರ್ತಿ, ಸಿಂಹನಗದ್ದೆಯಲ್ಲಿ ಲಕ್ಷ್ಮೀಸೇನ. ನಂದಿಗಣದವರಿಗೆ ನಂದಿ, ಚಂದ್ರ, ಕೀರ್ತಿ, ಭೂಷಣ. ಸೇನಗಣದವರಿಗೆ ಸೇನ, ರಾಜ, ವೀರ, ಭದ್ರ ಎಂಬ ಅಂತ್ಯಗಳನ್ನು ಸಂಪ್ರದಾಯ ನಿಗದಿಪಡಿಸಿದೆ. ತಂದೆತಾಯಿ ಇಟ್ಟ ಹೆಸರನ್ನು ಕಳೆದುಕೊಂಡಲ್ಲದೆ ಈ ಹೆಸರು ಬಾರದು. ಹೀಗಾಗಿ ಹಸ್ತಪ್ರತಿಗಳ ಶೋಧಕನಿಗೆ, ಒಂದು ಓಲೆಯ ಕೊನೆಯಲ್ಲಿ ಲಕ್ಷ್ಮೀಸೇನರ ಅಥವಾ ಚಾರುಕೀರ್ತಿಗಳ ಉಪದೇಶದಿಂದ ಬರೆದುದೆಂದಿದ್ದರೆ ಅದರಿಂದ ಕಾಲನಿರ್ಣಯ ಸಾಧ್ಯವಾಗುವುದಿಲ್ಲ. ಸಂವತ್ಸರದ ಹೆಸರೂ ಅರುವತ್ತು ವರ್ಷಕ್ಕೊಮ್ಮೆ ಮರಳುವಂತಹುದು. ಅಂತಹ ಸಂದರ್ಭದಲ್ಲಿ ನೆರವಾಗುವುದು ಬರೆಯಿಸಿದ ಶ್ರಾವಕನ ಅಥವಾ ಲಿಪಿಕಾರನ ಮನೆಹೆಸರು. ಇಂತಹವನ ಮಗ ಇಂತಹವನು ಎಂದು ಅವನು ಬರೆದುಕೊಂಡಿದ್ದರೆ, ಅವೇ ಹೆಸರುಗಳು ಬೇರೆ ದತ್ತಿಪತ್ರದಲ್ಲೋ ನಿಷಿಧಿಗಲ್ಲಿನಲ್ಲೋ ಸಿಕ್ಕರೆ, ಕಾಲ ಹಿಡಿತಕ್ಕೆ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶಸ್ತಿಯ ಹೆಸರು ತೊಟ್ಟಿಲನ್ನು ಸೇರಿದ ಬಗೆಯನ್ನು ಧರ್ಮಸ್ಥಳದ ಹೆಗ್ಗಡೆಯವರ ಪರಂಪರೆಯಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಚಂದಯ್ಯ ಹೆಗ್ಗಡೆ, ಮಂಜಯ್ಯ ಹೆಗ್ಗಡೆ; 1955ರಿಂದ ರತ್ನವರ್ಮ ಹೆಗ್ಗಡೆ; 1968ರಿಂದ ವೀರೇಂದ್ರ ಹೆಗ್ಗಡೆ. ಮೊದಲ ಎರಡರಲ್ಲಿ ಅಯ್ಯ ಎಂಬ ಕನ್ನಡದ ಗೌರವಪದ, ಮೂರನೆಯದರಲ್ಲಿ ಪ್ರಾಚೀನ ರಾಜರ ವರ್ಮ, ನಾಲ್ಕನೆಯದರಲ್ಲಿ ಇಂದ್ರ. ಕರ್ನಾಟಕದ ಜೈನರಲ್ಲಿ ಸಾಮಾನ್ಯವಾಗಿ ಅಯ್ಯ, ಅಪ್ಪ, ಅಣ್ಣ ಎಂಬ ಅಂತ್ಯಗಳು ಹಿಂದೆ ಸರಿದು ರಾಜ, ವರ್ಮ, ಇಂದ್ರ, ಪಾಲ, ಕುಮಾರಗಳು ಮುಂದೆ ಬಂದದ್ದು ಇದೇ ಅವಧಿಯಲ್ಲಿ. ಹೆಣ್ಣುಮಕ್ಕಳಲ್ಲಿ ಅಮ್ಮ, ಅಕ್ಕ ಹೋಗಿ ಮತಿ, ವತಿಗಳು ನಿಂತವು. ಬೆಳಗಾವಿ ಸೀಮೆಯಲ್ಲಿ ಇನ್ನೊಂದು ಮಾರ್ಗ: ಅಲ್ಲಿ ತೀರ್ಥಂಕರರ ಹೆಸರುಗಳೇ ರೂಢಿಯಾದುವು. 1906ರಲ್ಲಿ ಸದಲಗದಲ್ಲಿ ಹುಟ್ಟಿದ ಉಪಾಧ್ಯೆಯವರ ಹೆಸರು ಆದಿನಾಥ, ಅವರ ತಂದೆಯವರದು ನೇಮಿನಾಥ. ಜಿನಸೇನರ ಆಶಯಕ್ಕೆ ಇದು ಹೆಚ್ಚು ಹತ್ತಿರ, ಕೊಡ ಮತ್ತು ಚೀಟಿಗಳಿಲ್ಲದಿದ್ದರೂ.

ಇದಕ್ಕೆ ಕಾರಣಗಳು ಹಲವು. ಓಲೆಯಲ್ಲಿದ್ದ ಪುರಾಣಗಳು ಅಚ್ಚಾಗಿ ಮನೆಗೆ ಬಂದುವು. ಶಾಲೆಯ ಹಾಜರಿ ಪುಸ್ತಕ ಒಬ್ಬನಿಗೆ ಒಂದೇ ಹೆಸರನ್ನು ಕೇಳಿತು, ಮನೆಗೊಂದು ಸಭೆಗೊಂದು ಎಂಬ ಸೌಕರ್ಯ ತಪ್ಪಿತು. ಒಂದೇ ಇರಬೇಕಾದಾಗ ಸಭೆಯದೇ ಗೆದ್ದಿತು. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಿ ಹೆಸರನ್ನು ಅನಂತರ ಸೇರಿಸಬಹುದು. ಜಿನಸೇನರ ಹನ್ನೆರಡು ದಿನ ಹೀಗೆ ತಿಂಗಳುಗಟ್ಟಲೆಯಾಗಿ, ಆರಿಸುವ ಅವಕಾಶ ಹಿಗ್ಗಿತು. ಜೊತೆಗೆ ಜ್ಯೋತಿಷ್ಯದ ಲೆಕ್ಕ. ಇಪ್ಪತ್ತೇಳು ನಕ್ಷತ್ರಗಳಿಗೆ ನಾಲ್ಕು ಪಾದಗಳಂತೆ 108 ಆದ್ಯಕ್ಷರಗಳು. ಹಿಂದೆ ಈ ಅಕ್ಷರದಿಂದಾದ ನಕ್ಷತ್ರನಾಮ ಜಾತಕದಲ್ಲಿಯೇ ಉಳಿಯುತ್ತಿತ್ತು, ವ್ಯವಹಾರದ ಹೆಸರು ಬೇರೆ. ಅದನ್ನೇ ವ್ಯವಹಾರಕ್ಕೂ ತರಬೇಕೆಂದಾಗ ಆ ಅಕ್ಷರದಿಂದ ತೊಡಗುವ ಅಪೂರ್ವ ಸಂಸ್ಕೃತ ಶಬ್ದಕ್ಕಾಗಿ ನಿಘಂಟನ್ನು ತಡಕಬೇಕಾಯಿತು. ಇಂದಿನ ಅನೇಕ ಹೆಸರುಗಳ ಗಾಂಭೀರ್ಯಕ್ಕೆ ಪೂರ್ವಜರಿಗಿಂತ ಪಂಚಾಂಗವೇ ಹೆಚ್ಚು ಹೊಣೆ.

ಮಕ್ಕಳ ಹೆಸರು ಅವರವರ ಮನೆಯ ವಿಷಯ. ಆದರೆ ಇದೇ ರುಚಿ ಹಳೆಯ ಓಲೆಗರಿಗಳ ಸಂಪಾದನೆಯನ್ನು ಪ್ರವೇಶಿಸಿದಾಗ ನಷ್ಟ ಒದಗುತ್ತದೆ. ಮೂಡುಬಿದಿರೆಯ ಸಿದ್ಧಾಂತಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾದ ಧವಲಾ ಗ್ರಂಥದ ಕನ್ನಡ ಲಿಪಿಯ ಓಲೆಪ್ರತಿ ದಿಗಂಬರ ಆಗಮಸಾಹಿತ್ಯದ ಅತ್ಯಮೂಲ್ಯ ನಿಧಿ. ಅದರ ಪ್ರಶಸ್ತಿಯ ಪ್ರಕಾರ ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ ಅದನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ದಾನವಿತ್ತವಳು ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ ದೇಮಿಯಕ್ಕ. ಮಂಡಲಿನಾಡು ಶಿವಮೊಗ್ಗೆಯ ಸುತ್ತಲಿನ ಸೀಮೆ, ಮುತ್ತಿನಕೊಪ್ಪಕ್ಕೆ ದೂರವಲ್ಲ. ಮಹಾಬಂಧದ ಪ್ರತಿಯನ್ನು ಹಾಗೆಯೇ ಬರೆಯಿಸಿ ಮಾಘನಂದಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆ. ಷಟ್ಖಂಡಾಗಮದ ಪರಂಪರೆ ಇಂದಿಗೆ ಉಳಿದು ಬಂದಿರುವುದು ಇಂತಹ ಸ್ತ್ರೀಯರ ಶಾಸ್ತ್ರದಾನದಿಂದ. ಈಚಿನ ಬರಹಗಳಲ್ಲಿ ದೇಮಿಯಕ್ಕ ದೇವಮತಿಯಾಗಿಯೂ ಮಲ್ಲಿಕಬ್ಬೆ ಮಲ್ಲಿಕಾದೇವಿಯಾಗಿಯೂ ಕಾಣಿಸಿಕೊಳ್ಳುವುದುಂಟು. ಗೌರವಕ್ಕಾಗಿ ಮಾಡಿದ ತಿದ್ದುಪಡಿಯಾದರೂ, ಅಕ್ಕ ಎಂಬುದು ಹೋದೊಡನೆ ಆಕೆಯನ್ನು ನಾಡವರು ಕರೆದ ರೀತಿ ಹೋಯಿತು; ಅಬ್ಬೆ ಎಂಬುದು ಹೋದೊಡನೆ ಕಾಲವನ್ನು ಊಹಿಸಲು ಇದ್ದ ಒಂದು ಭಾಷಿಕ ಸಾಧನವೂ ಹೋಯಿತು. ಮಠದ ಭಂಡಾರಗಳಲ್ಲಿ ವರ್ಣನಾತ್ಮಕ ಸೂಚಿಯನ್ನು ಸಿದ್ಧಪಡಿಸುವವರು ಓಲೆಯಲ್ಲಿ ಜಿನ್ನಪ್ಪ ಎಂದಿದ್ದಲ್ಲಿ ಜಿನಪ್ಪನೆಂದೂ, ಬೊಮ್ಮಿ ಎಂದಿದ್ದಲ್ಲಿ ಬ್ರಹ್ಮೀ ಎಂದೂ ಬರೆಯದೆ, ಲಿಪಿಕಾರನು ಕಂಠದಿಂದ ಕೊರೆದ ಅಕ್ಷರವನ್ನೇ ಮೊದಲು ನಮೂದಿಸಿ, ಸಂಸ್ಕೃತ ರೂಪವನ್ನು ಬೇಕಾದರೆ ಮುಂದಿನ ಅಂಕಣದಲ್ಲಿ ಕೊಡುವುದು ಯುಕ್ತ.